ಅಪ್ಪನ ಒಂದೇ ಒಂದು ಡೈಲಾಗು

ನಮ್ಮಪ್ಪ ಒಂದು ಸಿನಿಮಾದಲ್ಲಿ ಪಾರ್ಟು ಮಾಡಿದ್ದಾನೆ. ಒಂದೇ ಸೀನು, ಒಂದೇ ಡೈಲಾಗು. ಅಷ್ಟಕ್ಕೇ ಹಂಗಳದಿಂದ ಗುಂಡ್ಲುಪೇಟೆಯವರೆಗೆ ಅವನನ್ನು ಗುರುತು ಹಿಡಿಯದವರಿಲ್ಲ. ಟೀ ಅಂಗಡಿಯಲ್ಲಿ ಕೂತರೆ ಸಾಕು, ಯಾರಾದರೊಬ್ಬರು ಫೋನು ಎತ್ತಿ ಹಿಡಿದು ಒಂದು ಸಲ ಹೇಳಿ ಯಜಮಾನ್ರೆ ಅನ್ನುತ್ತಾರೆ. ಅಪ್ಪ ಹೆಗಲ ಮೇಲಿನ ಟವೆಲು ಸರಿ ಮಾಡಿಕೊಳ್ಳುತ್ತಾನೆ, ಒಮ್ಮೆ ಕೆಮ್ಮುತ್ತಾನೆ, ಆಮೇಲೆ ಹೇಳುತ್ತಾನೆ.

“ಕಳಿಸ್ಬುಡಿ ಸ್ವಾಮಿ, ಓದ್ಲಿ ಕೂಸು. ನಿಮ್ ಭಯಕ್ಕ ಅವಳ್ಯಾಕ ಮನೇಲಿ ಕುಂತ್ಕಬೇಕು?”

ಕೇಳಿದವರು ಭೇಷ್ ಅನ್ನುತ್ತಾರೆ. ಹೆಣ್ಣುಮಕ್ಕಳಿರುವವರು ಕಣ್ಣು ಕೂಡ ಒರೆಸಿಕೊಳ್ಳುತ್ತಾರೆ. ನನಗೆ ಮಾತ್ರ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತದೆ. ಆ ಮಾತನ್ನು ಅವನಿಗೆ ಬಾಯಿಪಾಠ ಮಾಡಿಸಿದವಳು ನಾನು. ಅವನು ಕ್ಯಾಮೆರಾ ಮುಂದೆ ಆ ಮಾತು ಹೇಳಿದ ದಿನವೇ ನನ್ನ ಕಾಲೇಜಿನ ಸೀಟು ಕೈತಪ್ಪಿದ್ದು. ಇಷ್ಟು ವರ್ಷವಾದ ಮೇಲೂ ಇದನ್ನು ಸಮಾಧಾನದಿಂದ ಹೇಳಲು ನನಗೆ ಬರುವುದಿಲ್ಲ, ಬರಬೇಕೆಂದೂ ಇಲ್ಲ.

ಸಿನಿಮಾಕ್ಕಿಂತ ಮೊದಲು ಮೊಪೆಡ್ಡಿನ ವಿಷಯ ಹೇಳಬೇಕು. ನಾನು ಪಿಯುಸಿ ಓದಿದ್ದು ಗುಂಡ್ಲುಪೇಟೆಯಲ್ಲಿ. ಕಾಡಂಚಿನ ನಮ್ಮೂರು ಹಂಗಳದಿಂದ ಬೆಳಿಗ್ಗೆ ಎಂಟೂಕಾಲರ ಬಸ್ಸು. ನಾನು ಬಸ್ಸಿನೊಳಗೆ, ಅಪ್ಪ ಬಸ್ಸಿನ ಹಿಂದೆ ಮೊಪೆಡ್ಡಿನಲ್ಲಿ. ಒಂದು ದಿನವಲ್ಲ, ಎರಡು ವರ್ಷ. ಬಸ್ಸು ನಿಂತರೆ ಅವನೂ ನಿಲ್ಲುತ್ತಿದ್ದ. ರಸ್ತೆ ಎಷ್ಟೇ ಖಾಲಿಯಿದ್ದರೂ ಮುಂದೆ ಹೋಗುತ್ತಿರಲಿಲ್ಲ. ಮಳೆ ಬಂದರೆ ಗೊಬ್ಬರದ ಚೀಲ ಮಡಚಿ ತಲೆಗೆ ಕೊಪ್ಪೆ ಹಾಕಿಕೊಂಡು, ಬಸ್ಸಿನ ಹಿಂದಿನ ಚಕ್ರ ಹಾರಿಸುವ ಕೆಸರನ್ನೆಲ್ಲ ಎದೆಗೆ ಬಡಿಸಿಕೊಳ್ಳುತ್ತಾ ಬರುತ್ತಿದ್ದ. ಕಾಲೇಜಿನ ಗೇಟಿನೊಳಗೆ ನಾನು ಕಾಲಿಟ್ಟ ಮೇಲೆ ಗಾಡಿ ತಿರುಗಿಸಿ ಹೊಲಕ್ಕೆ ಹೋಗುವುದು, ಸಂಜೆ ನಾಲ್ಕಕ್ಕೆ ಮತ್ತೆ ಹಾಜರು.

ಯಾಕೆಂದು ಕೇಳಿದರೆ ಆನೆ ಬತ್ತದ ಅನ್ನುತ್ತಿದ್ದ. ಕೇರಳಕ್ಕೆ ಹೋಗುವ ಲಾರಿಗಳು ಒಂದರ ಹಿಂದೊಂದು ಹಾರನ್ನು ಬಾರಿಸಿಕೊಂಡು ಓಡುವ ಹೆದ್ದಾರಿಯಲ್ಲಿ, ಬೆಳಿಗ್ಗೆ ಎಂಟೂವರೆಗೆ, ಬಸ್ಸಿನೊಳಗೆ ಕೂತ ಹುಡುಗಿಯ ಮೇಲೆ ಯಾವ ಆನೆ ಬರುತ್ತದೆ? ಬಂದರೂ ಗೊಬ್ಬರದ ಚೀಲ ಹೊದ್ದ ಒಬ್ಬ ಮನುಷ್ಯ ಮೊಪೆಡ್ಡಿನಿಂದ ಅದನ್ನೇನು ಮಾಡುತ್ತಾನೆ? ಕಂಡಕ್ಟರು ದಿನಾ ಹಿಂದೆ ನೋಡಿ, ಎಸ್ಕಾರ್ಟ್ ಬಂತು, ರೈಟ್ ರೈಟ್ ಅಂತ ಸೀಟಿ ಊದುತ್ತಿದ್ದ. ಬಸ್ಸೆಲ್ಲ ನಗುತ್ತಿತ್ತು. ನಾನು ಹತ್ತಿದ ಕೂಡಲೇ ಹಿಂದಿನ ಸೀಟಿನ ಹುಡುಗರು ಮಂತ್ರಿಗಳು ಬಂದರು ಅಂತ ಎದ್ದು ನಿಲ್ಲುತ್ತಿದ್ದರು. ಎರಡು ವರ್ಷ ನಾನು ಕಿಟಕಿ ಪಕ್ಕ ಕೂರಲಿಲ್ಲ. ಕೂತರೆ ತಿರುವಿನಲ್ಲಿ ಅವನು ಕಾಣುತ್ತಿದ್ದ.

ಅವ್ವನಿಗೆ ಹೇಳಿಕೊಂಡರೆ, ನಿನ್ ಮೇಲ ಪ್ರಾಣ ಕಣಮ್ಮಿ ನಿಮ್ಮಪ್ಪನಿಗ ಅನ್ನುತ್ತಿದ್ದಳು. ಪ್ರಾಣ ಅಂದುಬಿಟ್ಟರೆ ಮುಗಿಯಿತು, ಮುಂದಕ್ಕೆ ಏನೂ ಕೇಳುವ ಹಾಗಿಲ್ಲ. ನಮ್ಮ ಮನೆಯಲ್ಲಿ ಎಷ್ಟೋ ಬಾಗಿಲುಗಳಿಗೆ ಈ ಒಂದು ಪದವೇ ಚಿಲಕ.

ನಮ್ಮ ಹೊಲ ಇರುವುದು ಅದೇ ಹೆದ್ದಾರಿಯ ಪಕ್ಕ. ಒಂದು ಕಡೆ ಸೂರ್ಯಕಾಂತಿ, ಇನ್ನೊಂದು ಕಡೆ ಚೆಂಡು ಹೂವು. ಚೆಂಡು ಹೂವು ಬಣ್ಣ ತೆಗೆಯುವ ಫ್ಯಾಕ್ಟರಿಗೆ ಹೋಗುತ್ತದೆ. ಸೂರ್ಯಕಾಂತಿ ಅರಳಿದ ದಿನಗಳಲ್ಲಿ ಕೇರಳದ ಕಾರುಗಳು ಸಾಲುಗಟ್ಟಿ ನಿಲ್ಲುತ್ತವೆ, ಫೋಟೋಕ್ಕೆ. ಅಪ್ಪ ಹೊಲದ ಅಂಚಿಗೆ ಹಗ್ಗ ಕಟ್ಟಿ, ಬೇಕರಿಯವನ ಕೈಲಿ ಮಲಯಾಳದಲ್ಲಿ ಬೋರ್ಡು ಬರೆಸಿ, ತಲೆಗಿಷ್ಟು ಅಂತ ವಸೂಲಿ ಮಾಡುತ್ತಿದ್ದ. ಚೇಚಿ ವರೂ, ಚೇಟ್ಟಾ ವರೂ ಅಂತ ಅಕ್ಕ ಅಣ್ಣಂದಿರನ್ನು ಕರೆಯುವಷ್ಟು ಮಲಯಾಳ ಕಲಿತುಬಿಟ್ಟಿದ್ದ. ಕಾಡುಹಂದಿ ಬರದಂತೆ ಕಾಯಲು ಹಾಕಿದ ಅಟ್ಟಣೆಯ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳಲು ಬಂದ ಹುಡುಗಿಯರಿಗೆ ತಾನೇ ಏಣಿ ಹಿಡಿಯುತ್ತಿದ್ದ. ನನ್ನ ವಾರಿಗೆಯವರೇ, ಜೀನ್ಸ್ ಹಾಕಿದವರು, ಜೊತೆಗೊಬ್ಬ ಹುಡುಗನನ್ನು ಕರೆತಂದವರು. ಅವರ ಹೆಗಲ ಮೇಲಿನ ಕೈಗಳು ಅವನಿಗೆ ಕಾಣುತ್ತಲೇ ಇರಲಿಲ್ಲ. ನಾನು ಮಾತ್ರ ಹೂ ಬಿಟ್ಟಿರುವಷ್ಟು ದಿನ ಆ ಕಡೆ ಸುಳಿಯುವಂತಿರಲಿಲ್ಲ, ಯಾರಾರೋ ಬರ್ತರ ಅಂತ. ಯಾರಾರದೋ ಫೋನಿನಲ್ಲಿ ನಮ್ಮ ಹೊಲ ಇದೆ. ಆ ಹೊಲದಲ್ಲಿ ನಾನು ನಿಂತಿರುವ ಒಂದು ಫೋಟೋ ಇಲ್ಲ.

ಪಿಯುಸಿ ಮುಗಿದ ವರ್ಷ ನಾನು ಮೈಸೂರಿನ ಒಂದು ಮಹಿಳಾ ಕಾಲೇಜಿಗೆ ಬಿ.ಎಸ್ಸಿ.ಗೆ ಅರ್ಜಿ ಹಾಕಿದೆ, ಹಾಸ್ಟೆಲ್ ಸಮೇತ. ನನಗೆ ಕೆಮಿಸ್ಟ್ರಿ ಬೇಕಿತ್ತು. ಚಿಕ್ಕಂದಿನಿಂದ ಚೆಂಡು ಹೂವು ಕಿತ್ತು ಕಿತ್ತು ನನ್ನ ಉಗುರು ಹಳದಿಯಾಗಿ, ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಮೂಟೆಗಟ್ಟಲೆ ಹೂವು ಫ್ಯಾಕ್ಟರಿಯೊಳಗೆ ಹೋಗಿ ಡಬ್ಬದಲ್ಲಿ ಬಣ್ಣವಾಗಿ ಹೇಗೆ ಹೊರಗೆ ಬರುತ್ತದೆ ಅಂತ ನಮ್ಮೂರಲ್ಲಿ ಹೇಳಬಲ್ಲವರು ಒಬ್ಬರೂ ಇರಲಿಲ್ಲ. ಅದು ನನಗೆ ಗೊತ್ತಾಗಬೇಕಿತ್ತು. ಪಟ್ಟಿಯಲ್ಲಿ ನನ್ನ ಹೆಸರು ಬಂತು. ಸೋಮವಾರ ಸಂಜೆ ನಾಲ್ಕರೊಳಗೆ ಮೂಲ ಅಂಕಪಟ್ಟಿ, ಟಿ.ಸಿ. ತರಬೇಕು, ತಂದೆ ಅಥವಾ ಪೋಷಕರು ಖುದ್ದಾಗಿ ಬಂದು ಸಹಿ ಹಾಕಬೇಕು, ತಪ್ಪಿದರೆ ಸೀಟು ಮುಂದಿನವರಿಗೆ. ಓದಿ ಹೇಳಿದೆ. ಅಪ್ಪ ಬೇಡ ಅನ್ನಲಿಲ್ಲ. ಅವನು ಯಾವತ್ತೂ ಬೇಡ ಅನ್ನುವವನಲ್ಲ. ನೋಡನ ಬುಡು ಅಂದ.

ಆ ಅಂಕಪಟ್ಟಿ, ಟಿ.ಸಿ. ಇದ್ದದ್ದು ಕಬ್ಬಿಣದ ಬೀರುವಿನಲ್ಲಿ. ಬೀರುವಿನ ಬೀಗದ ಕೈ ಇದ್ದದ್ದು ಅಪ್ಪನ ಉಡಿದಾರದಲ್ಲಿ. ಅವ್ವ ತನ್ನ ಮದುವೆಯ ರೇಷ್ಮೆ ಸೀರೆ ಉಡಬೇಕೆಂದರೂ ಅವನು ಹೊಲದಿಂದ ಬರುವವರೆಗೆ ಕಾಯಬೇಕಿತ್ತು. ಸ್ನಾನ ಮಾಡುವಾಗಲೂ ಅವನು ಅದನ್ನು ಬಿಚ್ಚುತ್ತಿರಲಿಲ್ಲ.

ಸಿನಿಮಾದವರು ಬಂದದ್ದು ಆ ವಾರವೇ. ನಮ್ಮ ಸೂರ್ಯಕಾಂತಿ ಹೊಲ ಅವರಿಗೆ ಬೇಕಿತ್ತು. ಮ್ಯಾನೇಜರ್ ಒಬ್ಬ ಬಂದು ಜಗಲಿ ಮೇಲೆ ಕೂತು ಕಥೆ ಹೇಳಿದ. ಮನೆಮಂದಿಯೆಲ್ಲ ಕೂತು ನೋಡುವ ಹಾಸ್ಯದ ಸಿನಿಮಾ, ಮಗಳನ್ನು ಕಾಲೇಜಿಗೆ ಕಳಿಸಲು ಹೆದರುವ ಒಬ್ಬ ಅಪ್ಪ, ಅವಳು ಹೋದಲ್ಲೆಲ್ಲ ವೇಷ ಮರೆಸಿಕೊಂಡು ಹಿಂದೆ ಹೋಗುತ್ತಾನೆ, ಪಡಬಾರದ ಪಾಡು ಪಡುತ್ತಾನೆ. ಅಪ್ಪ ತೊಡೆ ತಟ್ಟಿಕೊಂಡು ನಕ್ಕ. ನಕ್ಕು, ಬಸ್ಸಿನ ಹಿಂದೆ ಮೊಪೆಡ್ಡಿನಲ್ಲಿ ಹೋಗುತ್ತಿದ್ದ ತನ್ನ ಕಥೆಯನ್ನು ತಾನೇ ಹೇಳಿದ, ಗೊಬ್ಬರದ ಚೀಲದ ಸಮೇತ. ಮ್ಯಾನೇಜರ್ ಅಲ್ಲೇ ಫೋನು ಮಾಡಿ ಡೈರೆಕ್ಟರಿಗೆ ತಿಳಿಸಿದ. ಮಾರನೆಯ ದಿನಕ್ಕೆ ಅದು ಸಿನಿಮಾಕ್ಕೆ ಸೇರಿತ್ತು, ಅಪ್ಪನಿಗೊಂದು ಪಾರ್ಟೂ ಸಿಕ್ಕಿತ್ತು. ನಾನು ಒಳಗೆ ಕಾಫಿ ಸೋಸುತ್ತಿದ್ದೆ. ಎರಡು ವರ್ಷ ನಾನು ತಲೆ ತಗ್ಗಿಸಿ ಕೂತದ್ದನ್ನು ಅವರಿಬ್ಬರೂ ಜಗಲಿಯಲ್ಲಿ ಹಂಚಿಕೊಂಡರು, ನನ್ನನ್ನು ಯಾರೂ ಕೇಳಲಿಲ್ಲ.

ಪಾರ್ಟು ಇಷ್ಟೇ. ಸಿನಿಮಾದ ಅಪ್ಪನ ಸ್ಕೂಟರು ದಾರಿಯಲ್ಲಿ ಕೆಟ್ಟು ನಿಲ್ಲುತ್ತದೆ. ಹೊಲದಲ್ಲಿದ್ದ ರೈತ ನೀರು ಕೊಟ್ಟು, ಕಷ್ಟ ಕೇಳಿ, ಒಂದು ಮಾತು ಹೇಳುತ್ತಾನೆ. ಆ ಮಾತಿಗೆ ಅವನ ಮನಸ್ಸು ಬದಲಾಗಿ ಮಗಳನ್ನು ಹಾಸ್ಟೆಲ್ಲಿಗೆ ಬಿಡುತ್ತಾನೆ. ಆ ಸೀನನ್ನೂ ಸೋಮವಾರವೇ ತೆಗೆಯುತ್ತಾರೆ ಅಂತ ಅಪ್ಪ ಹೇಳಿದ. ಬೆಳಿಗ್ಗೆ ಏಳಕ್ಕೆ ಶುರು, ಎಂಟಕ್ಕೆ ಮುಗಿಯುತ್ತದೆ, ಒಂಬತ್ತರ ಬಸ್ಸಿಗೆ ಮೈಸೂರಿಗೆ ಓಗನ ಅಂದ. ನಾನು ನಂಬಿದೆ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಸಿನಿಮಾದವರು ಡೈಲಾಗು ಬರೆದುಕೊಟ್ಟ ಹಾಳೆ ಹಿಡಿದುಕೊಂಡು ನನ್ನ ಹತ್ತಿರ ಬಂದ. ಅದರಲ್ಲಿ ಬರೆದಿದ್ದದ್ದು ಪೇಟೆಯ ಕನ್ನಡ. ದಯವಿಟ್ಟು ಕಳುಹಿಸಿಕೊಡಿ ಸರ್, ನಿಮ್ಮ ಆತಂಕಕ್ಕೆ ಅವಳ ಭವಿಷ್ಯ ಬಲಿಯಾಗಬಾರದು ಅಂತೇನೋ. ಅಪ್ಪನ ನಾಲಿಗೆಗೆ ಅದು ಹೊರಳಲಿಲ್ಲ. ನಿಮ್ಮ ಮಾತಲ್ಲೇ ಹೇಳಿ ಅಂದಿದ್ದರಂತೆ. ನಾನೇ ಕೂತು ತಿದ್ದಿದೆ. ಸರ್ ಬೇಡ, ಸ್ವಾಮಿ ಅನ್ನು. ಭವಿಷ್ಯ ಬೇಡ. ಆತಂಕ ಬೇಡ, ಭಯ ಅನ್ನು. ಬರೆದುಕೊಟ್ಟದ್ದು ನಾನು. ಊರೆಲ್ಲ ಹೊಗಳುವ ಆ ಮಾತು ನನ್ನದು. ಇದನ್ನು ಇವತ್ತಿನವರೆಗೆ ಅಪ್ಪ ಯಾರ ಮುಂದೆಯೂ ಹೇಳಿಲ್ಲ.

ಆಮೇಲೆ ಪ್ರಾಕ್ಟೀಸು. ಸಿನಿಮಾದ ಅಪ್ಪನ ಜಾಗದಲ್ಲಿ ನಾನು ನಿಂತೆ. ಅವ್ವ ಪಕ್ಕದಲ್ಲಿ ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದಳು. ಅಪ್ಪ ಮರೆತಾಗಲೆಲ್ಲ ಗದ್ದ ಮೇಲೆತ್ತಿ ನನ್ನ ಮುಖ ನೋಡುತ್ತಿದ್ದ. ನಾನು ಮೊದಲ ಪದ ಹೇಳಿಕೊಡುತ್ತಿದ್ದೆ, ಅಷ್ಟು ಸಿಕ್ಕರೆ ಉಳಿದದ್ದು ಬರುತ್ತಿತ್ತು. ಇಪ್ಪತ್ತು ಸಲವಾದರೂ ಆಗಿರಬೇಕು. ಇಪ್ಪತ್ತು ಸಲ ನಮ್ಮಪ್ಪ ನನ್ನ ಕಣ್ಣಲ್ಲಿ ಕಣ್ಣಿಟ್ಟು ಕಳಿಸ್ಬುಡಿ ಸ್ವಾಮಿ ಅಂದ. ಹೇಳುತ್ತಾ ಹೇಳುತ್ತಾ ಕೊನೆಗೆ ಟವೆಲಿನಿಂದ ಕಣ್ಣು ಒರೆಸಿಕೊಂಡ. ಒಳಗೆ ಇಳಿಯಿತು ಅಂದುಕೊಂಡೆ. ಖುಷಿಯಲ್ಲಿ ಅವತ್ತೇ ಬ್ಯಾಗು ತುಂಬಿದೆ. ಎಂಥ ಪೆದ್ದಿ ನಾನು.

ಸೋಮವಾರ ಅಪ್ಪ ಕತ್ತಲಿರುವಾಗಲೇ ಎದ್ದು, ವಿಭೂತಿ ಧರಿಸಿ, ನಾನು ಮುಖ ತೊಳೆಯುವಷ್ಟರಲ್ಲಿ ಹೊಲ ಸೇರಿಯಾಗಿತ್ತು. ಬೀಗದ ಕೈ ಅವನ ಸೊಂಟದಲ್ಲೇ ಹೋಯಿತು. ಎಂಟೂವರೆಯಾದರೂ ಬರಲಿಲ್ಲ. ಖಾಲಿ ಫೈಲು ಹಿಡಿದುಕೊಂಡು ನಾನೇ ಹೋದೆ. ಜನ ದೂರ ನಿಲ್ಲಲಿ ಅಂತ ಹಗ್ಗ ಕಟ್ಟಿದ್ದರು. ಅದು ನಮ್ಮದೇ ಹಗ್ಗ, ಫೋಟೋದವರಿಗೆ ಕಟ್ಟುವುದು. ನಮ್ಮ ಹೊಲದ ಅಂಚಿನಲ್ಲಿ, ನಮ್ಮ ಹಗ್ಗದ ಹೊರಗೆ ನಾನು ನಿಂತೆ. ವಾಕಿಟಾಕಿ ಹಿಡಿದವನಿಗೆ ನನ್ನ ತಂದೆ, ಅರ್ಜೆಂಟು ಅಂದೆ. ಶಾಟ್ ನಡೀತಿದೆ, ಮಾತಾಡಬೇಡಿ ಅಂದ.

ಅಪ್ಪನಿಗೆ ನಾನು ಕಂಡೆ. ಅಂಗೈ ತೋರಿಸಿ ತಡಿ ಅಂತ ಸನ್ನೆ ಮಾಡಿದ.

ಮೊದಲನೇ ಟೇಕಿಗೆ ಮೋಡ ಅಡ್ಡ ಬಂತು. ಎರಡನೆಯದಕ್ಕೆ ಲಾರಿ ಹಾರನ್ನು. ಇನ್ನೊಂದಕ್ಕೆ ಸಿನಿಮಾದ ಅಪ್ಪನ ಪಾರ್ಟು ಮಾಡುವ ದೊಡ್ಡ ನಟನಿಗೇ ನಗು ಬಂತು. ಫೋಟೋ ತೆಗೆಸಿಕೊಳ್ಳಲು ಕೇರಳದ ಕಾರೊಂದು ಬಂದು ಸೀದಾ ಕ್ಯಾಮೆರಾದ ಎದುರಿಗೇ ನಿಂತಿತು. ಅಪ್ಪನೇ ನಾಲ್ಕು ಸಲ ಮರೆತ. ಹೂವಿನ ಸಾಲಿನ ನಡುವೆ ನಿಂತು ಪ್ರತಿ ಸಲವೂ ಅದೇ ಮಾತು, ಓದ್ಲಿ ಕೂಸು, ಓದ್ಲಿ ಕೂಸು. ಒಟ್ಟು ಹದಿನಾಲ್ಕು ಟೇಕು. ಒಂದೊಂದನ್ನೂ ನಾನು ಎಣಿಸಿದ್ದೇನೆ. ಹಗ್ಗ ಹಿಡಿದ ಅಂಗೈಯಲ್ಲಿ ಅದರ ಗೀರು ಮೂಡಿತ್ತು.

ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಟೆಂಟಿನೊಳಗೆ ನುಗ್ಗಿದೆ. ಅಪ್ಪ ಆ ನಟನ ಪಕ್ಕ ಕುರ್ಚಿಯಲ್ಲಿ ಕೂತು ಉಣ್ಣುತ್ತಿದ್ದ. ನಾನು ಬಾಯಿ ತೆರೆಯುವ ಮೊದಲೇ, ನನ್ ಮಗ್ಳು ಸಾರ್, ಸೈನ್ಸು, ಡಿಸ್ಟಿಂಕ್ಷನ್ನು ಅಂತ ಪರಿಚಯ ಮಾಡಿಸಿದ. ಆ ದೊಡ್ಡ ಮನುಷ್ಯ ಕೈಮುಗಿದು, ಇಂಥ ತಂದೆ ಸಿಗೋಕೆ ಪುಣ್ಯ ಮಾಡಿರಬೇಕು ಅಂದ. ನಾನು ಬೀಗದ ಕೈ ಕೇಳಿದೆ. ಇನ್ನೊಂದೇ ಶಾಟಂತ ಕಣಮ್ಮಿ, ಎರಡ್ ಗಂಟೆಗ ಕಾರ್ ಮಾಡ್ಕಂಡು ಓಗನ ಅಂದ. ಅಷ್ಟು ಜನರ ಎದುರು ಜಗಳವಾಡಲು ನನಗೆ ನಾಚಿಕೆಯಾಯಿತು. ಇವತ್ತು ನನ್ನ ಮೇಲೆ ನನಗೆ ಸಿಟ್ಟು ಬರುವುದು ಅದಕ್ಕೇ. ಅಲ್ಲೇ ಅವನ ಅಂಗಿ ಎತ್ತಿ ಉಡಿದಾರದಿಂದ ಕಿತ್ತುಕೊಂಡು ಅವ್ವನನ್ನು ಕರೆದುಕೊಂಡು ಓಡಬೇಕಿತ್ತು. ಎರಡು ಗಂಟೆ ಅಂದದ್ದು ಮೂರೂವರೆಯಾಯಿತು. ಅಪ್ಪ ಮುಖದ ಬಣ್ಣವನ್ನೂ ಒರೆಸಿಕೊಳ್ಳದೆ ಮನೆಗೆ ಬಂದಾಗ ನಾನು ಬ್ಯಾಗಿನ ಮೇಲೆ ಕೂತಿದ್ದೆ.

“ಸೀಟು ಎಲ್ಲಿಗೋದ್ದು, ನಾಳಕ ಓದ್ರಾಯ್ತು ಬುಡು,” ಅಂದ. “ಫ್ಯಾಕ್ಟ್ರಿ ಗೇಟಲ್ಲಿ ನಾವು ಲೇಟಾಗ್ ಓದ್ರೂ ತೂಕ ಹಾಕ್ಕಳಲ್ವಾ?”

ಫ್ಯಾಕ್ಟರಿಯ ಗೇಟಿನವನು ಇವನಿಗೆ ಇಪ್ಪತ್ತು ವರ್ಷದ ಪರಿಚಯ. ಗೇಟು ಹಾಕಿದ ಮೇಲೆ ಟೆಂಪೋ ಹೋದರೂ ಎರಡು ಮಾತಾಡಿ ಒಳಗೆ ಬಿಡಿಸಿಕೊಳ್ಳುತ್ತಾನೆ. ಕಾಲೇಜೂ ಹಾಗೇ ಅಂದುಕೊಂಡಿದ್ದಾನೆ ಅಂತ ನಾನು ಅಂದುಕೊಂಡೆ. ಮಂಗಳವಾರ ಮೈಸೂರಿಗೆ ಹೋದೆವು. ಕೌಂಟರಿನ ಹೆಂಗಸು ತಲೆಯೆತ್ತದೆ, ನಿನ್ನೆ ನಾಲ್ಕಕ್ಕೆ ಮುಗೀತು, ಬೇರೆಯವರಿಗೆ ಹೋಯ್ತು ಅಂದರು. ಅಪ್ಪ ಎಷ್ಟು ಬೇಡಿಕೊಂಡ ಅಂದರೆ, ಕೈಮುಗಿದು, ತಪ್ಪು ನಂದು ತಾಯಿ, ಸಿನ್ಮಾ ಸೂಟಿಂಗಿತ್ತು ಅಂತ ಹೇಳಿ, ಅಲ್ಲಿದ್ದ ಹುಡುಗಿಯರೆಲ್ಲ ನಕ್ಕರು. ಹೊರಗೆ ಬಂದು ನನಗೊಂದು ಚೂಡಿದಾರ್ ಕೊಡಿಸಿದ. ಅದನ್ನು ನಾನು ಕವರಿನಿಂದ ಆಚೆಗೆ ತೆಗೆಯಲೇ ಇಲ್ಲ.

ಗುಂಡ್ಲುಪೇಟೆಯಲ್ಲೇ ಡಿಗ್ರಿ ಮಾಡು ಅಂದ. ಬಸ್ಸು, ಮೊಪೆಡ್ಡು, ಎಲ್ಲ ಸಿದ್ಧವಿತ್ತಲ್ಲ. ನಾನು ಒಲ್ಲೆ ಅಂದೆ. ಒಂದು ವರ್ಷ ಚೆಂಡು ಹೂವು ಕಿತ್ತೆ. ಅಪ್ಪನ ಜೊತೆ ಬೇಕಾದಷ್ಟು ಮಾತ್ರ ಮಾತಾಡುತ್ತಿದ್ದೆ, ಊಟಕ್ಕೆ ಬಾ, ನೀರು ಬಂತು, ಟೆಂಪೋ ಬಂತು, ಅಷ್ಟೇ. ಅವನ ಮೇಲೆ ಸಿಟ್ಟಿತ್ತು, ಆದರೆ ಅದು ಪೆದ್ದುತನದ ಮೇಲಿನ ಸಿಟ್ಟು. ಪಾಪ, ಗೊತ್ತಾಗಲಿಲ್ಲ ಅನ್ನುವ ಒಂದು ಸಣ್ಣ ಸಂದು ಅದರಲ್ಲಿ ಉಳಿದಿತ್ತು.

ಸಿನಿಮಾ ಬಂದದ್ದು ಮುಂದಿನ ಬೇಸಿಗೆಯಲ್ಲಿ. ಚಾಮರಾಜನಗರದ ಟಾಕೀಸಿಗೆ ಸಿನಿಮಾದವರೂ ಬರುತ್ತಾರೆಂದು ಅಪ್ಪ ಹೊಸ ಪಂಚೆ ಉಟ್ಟುಕೊಂಡು ನಮ್ಮನ್ನು ಹೊರಡಿಸಿದ. ನಾನು ಬರುವುದಿಲ್ಲ ಅಂದೆ. ಅವ್ವ ಬೇಡಿಕೊಂಡಳು. ಅಪ್ಪ, ನಾನು, ಅವ್ವ, ಹೀಗೆ ಒಂದೇ ಸಾಲಿನಲ್ಲಿ ಕೂತೆವು.

ಬಸ್ಸಿನ ಹಿಂದೆ ಸ್ಕೂಟರಿನಲ್ಲಿ ಬರುವ ದೃಶ್ಯಕ್ಕೆ ಟಾಕೀಸು ಬಿದ್ದು ಬಿದ್ದು ನಕ್ಕಿತು. ಗೊಬ್ಬರದ ಚೀಲವನ್ನೂ ಬಿಟ್ಟಿರಲಿಲ್ಲ. ಬಸ್ಸಿನೊಳಗಿನ ಹುಡುಗಿಯನ್ನು ಒಂದು ಗಳಿಗೆ ತೋರಿಸಿದರು. ಅವಳು ಹಣೆ ಚಚ್ಚಿಕೊಂಡು ನಗುತ್ತಾಳೆ. ನಗುತ್ತಾಳೆ! ನಾನು ಒಂದು ದಿನವೂ ನಕ್ಕಿರಲಿಲ್ಲ. ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾ ನನ್ನ ತೊಡೆ ತಟ್ಟಿ, ನೋಡಮ್ಮಿ ನಂದೇಯ ಅಂದ. ಪರದೆಯ ಮೇಲೆ ನೋಡಿ ಮುನ್ನೂರು ಜನ ನಗುವಂಥದ್ದನ್ನು ಮನೆಯಲ್ಲಿ ಅನುಭವಿಸುವವಳಿಗೆ ಹೇಗಿರುತ್ತದೆ ಅಂತ ಅಲ್ಲಿ ಒಬ್ಬರೂ ಕೇಳಿಕೊಳ್ಳುವುದಿಲ್ಲ. ಅಲ್ಲಿ ಹೆಣ್ಣುಮಕ್ಕಳೂ ನಗುತ್ತಿದ್ದರು. ಅವರ ಮನೆಗಳಲ್ಲೂ ಒಂದೊಂದು ಮೊಪೆಡ್ಡು ಇದ್ದೇ ಇರುತ್ತದೆ.

ಆಮೇಲೆ ಸೂರ್ಯಕಾಂತಿ ಹೊಲ ಬಂತು, ಅಪ್ಪ ಬಂದ. ಶಿಳ್ಳೆಯೋ ಶಿಳ್ಳೆ. ನಾನು ಬರೆದ ಮಾತನ್ನು ಅವನು ಹೇಳಿದ. ಟಾಕೀಸೆಲ್ಲ ಚಪ್ಪಾಳೆ. ಸಿನಿಮಾದ ಅಪ್ಪ ಮಗಳನ್ನು ಹಾಸ್ಟೆಲ್ಲಿನ ಗೇಟಿಗೆ ಬಿಟ್ಟು, ತಿರುಗಿ ನೋಡದೆ ನಡೆದು ಹೋಗುವಾಗ ನಮ್ಮಪ್ಪ ಹೊಸ ಪಂಚೆಯ ತುದಿಯಿಂದ ಮೂಗು ಒರೆಸಿಕೊಂಡ.

ಹೊರಗೆ ಜನ ಅವನನ್ನು ಮುತ್ತಿಕೊಂಡರು. ಜನರ ನಡುವಿನಿಂದ ಆ ಮ್ಯಾನೇಜರ್ ಬಂದು ಅಪ್ಪನನ್ನು ತಬ್ಬಿಕೊಂಡ. ಅವನಿಗೇನು ಗೊತ್ತು ಪಾಪ, ನಗುನಗುತ್ತಾ ಹೇಳಿಬಿಟ್ಟ.

“ನಿಮ್ಮ ಸೀನು ಮಂಗಳವಾರ ಇಟ್ಕೊಳ್ಳೋಣ ಅಂದ್ರೆ, ಇಲ್ಲ ಸೋಮವಾರನೇ ಆಗ್ಬೇಕು ಅಂತ ಹಠ ಹಿಡಿದ್ರಲ್ಲ ಯಜಮಾನ್ರೆ. ಒಳ್ಳೇದೇ ಆಯ್ತು ನೋಡಿ, ಮಂಗಳವಾರ ಎಲ್ಲಾ ಮಳೆ.”

ಅಪ್ಪ ನನ್ನ ಕಡೆ ನೋಡಲಿಲ್ಲ. ನಾನು ಅವ್ವನ ಕಡೆ ನೋಡಿದೆ. ಅವಳು ಚಪ್ಪಲಿ ನೋಡಿಕೊಳ್ಳುತ್ತಿದ್ದಳು. ಅವಳಿಗೂ ಗೊತ್ತಿತ್ತು. ಬೆಳ್ಳುಳ್ಳಿ ಬಿಡಿಸುತ್ತಾ ಕೂತು, ಇಪ್ಪತ್ತು ಸಲ ಆ ಮಾತು ಕೇಳುತ್ತಾ, ನಾನು ಬ್ಯಾಗು ತುಂಬುವುದನ್ನು ನೋಡುತ್ತಾ, ಅವಳಿಗೆ ಗೊತ್ತಿತ್ತು.

ಊರಿಗೆ ವಾಪಸು ಬರುವ ಬಸ್ಸು ತೆರಕಣಾಂಬಿ ದಾಟುವವರೆಗೆ ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಬಸ್ಸು ನಿಲ್ಲುವಂತೆ ಕಿರುಚಿಬಿಡುತ್ತಿದ್ದೆ. ದಾಟಿದ ಮೇಲೆ ಒಂದೇ ಮಾತು ಕೇಳಿದೆ, ಯಾಕೆ ಅಂತ. ಅಪ್ಪ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡ.

“ಮೈಸೂರ್ಗಾದ್ರ ನಾನು ಬಸ್ಸಿನ್ ಹಿಂದ ಹೆಂಗಮ್ಮಿ ಬರ್ಲಿ?” ಅಂದ. “ಗಾಡಿ ಅಷ್ಟ್ ದೂರ ಓಡಲ್ಲ.”

ಬೇರೆ ಯಾರಾದರೂ ಹೇಳಿದ್ದರೆ ನನ್ನ ಕರುಳು ಚುರ್ ಅನ್ನುತ್ತಿತ್ತೇನೋ. ನನಗೆ ಆದದ್ದು ಸಿಟ್ಟು, ಬರೀ ಸಿಟ್ಟು. ನನ್ನ ಒಂದು ವರ್ಷವನ್ನು ಒಂದು ಹಳೇ ಮೊಪೆಡ್ಡಿನ ತಾಕತ್ತಿಗೆ ತಕ್ಕ ಹಾಗೆ ಅಳೆದು ಕತ್ತರಿಸಿದ್ದ. ಬೇಡ ಅಂದಿದ್ದರೆ ಜಗಳವಾಡುತ್ತಿದ್ದೆ, ಅತ್ತು ಕರೆದು ಊಟ ಬಿಡುತ್ತಿದ್ದೆ, ಗೆಲ್ಲುತ್ತಲೂ ಇದ್ದೆನೋ ಏನೋ. ಅದಕ್ಕೂ ಆಸ್ಪದ ಕೊಡದೆ, ನನ್ನ ಕೈಯಲ್ಲೇ ಆ ಮಾತು ಬರೆಸಿಕೊಂಡು, ನನ್ನ ಎದುರೇ ಹದಿನಾಲ್ಕು ಸಲ ಹೇಳಿ ನನ್ನನ್ನು ಹಗ್ಗದಾಚೆ ನಿಲ್ಲಿಸಿದ್ದ. ಪಾಪ ಅನ್ನುವ ಸಣ್ಣ ಸಂದು ಅವತ್ತು ಮುಚ್ಚಿಹೋಯಿತು.

ಅದೇ ವರ್ಷ ಮತ್ತೆ ಅರ್ಜಿ ಹಾಕಿದೆ. ಪಟ್ಟಿಯಲ್ಲಿ ಮತ್ತೆ ಹೆಸರು ಬಂತು. ಹಾಸ್ಟೆಲ್ಲಿನ ಫಾರಂ ಅಂಚೆಯಲ್ಲಿ ಮನೆಗೇ ಬಂತು, ತಂದೆಯ ಸಹಿಯ ಜಾಗ ಖಾಲಿ. ಈ ಸಲ ಮನೆಯಲ್ಲಿ ಕೇಳಲಿಲ್ಲ. ಕೇಳಿದರೆ ನೋಡನ ಬುಡು ಅನ್ನುತ್ತಾನೆಂದು ಗೊತ್ತಿತ್ತು. ಹೂವಿನ ಲೋಡು ಇಳಿಸಿದ ಮೇಲೆ ಅಪ್ಪ ಗುಂಡ್ಲುಪೇಟೆಯ ಬಸ್ ನಿಲ್ದಾಣದ ಎದುರಿನ ಟೀ ಅಂಗಡಿಯಲ್ಲಿ ಕೂರುತ್ತಾನೆ. ಈರುಳ್ಳಿ ಮಂಡಿಯವರು, ಲಾರಿ ಡ್ರೈವರುಗಳು, ಟೈಲರ್ ಸಾಬರು, ಎಲ್ಲ ಸೇರುವ ಜಾಗ. ಹೆಂಗಸರು ಅಲ್ಲಿ ಹೆಜ್ಜೆ ಇಡುವುದಿಲ್ಲ. ನಾನು ಫೈಲು ಹಿಡಿದು ಹೋದೆ.

ಯಾರೋ ಆಗಲೇ ಫೋನು ಎತ್ತಿ ಹಿಡಿದಿದ್ದರು. ಅಪ್ಪ ಟವೆಲು ಸರಿ ಮಾಡಿಕೊಳ್ಳುತ್ತಿದ್ದವನು ನನ್ನನ್ನು ನೋಡಿ ನಿಲ್ಲಿಸಿದ.

“ಹೇಳಪ್ಪ, ಕೇಳ್ತಾವರಲ್ಲ,” ಅಂದೆ. “ಹೇಳ್ಬುಟ್ಟು ಬೀರು ಬೀಗದ್ ಕೈ ಕೊಡು. ಇಲ್ಲೊಂದು ಸಹಿ ಹಾಕು. ಓದ್ ವರ್ಷ ಸೋಮವಾರ ಕೊಡ್ನಿಲ್ಲ, ಈ ವರ್ಷ ಕೊಡು.”

ಆಮೇಲೆ ಎಲ್ಲವನ್ನೂ ಅಲ್ಲೇ ಹೇಳಿದೆ, ಸೋಮವಾರದ್ದು, ಮಂಗಳವಾರದ್ದು, ಯಾವುದನ್ನೂ ಬಿಡಲಿಲ್ಲ. ಟೀ ಸೋಸುವವನೂ ಕೈ ನಿಲ್ಲಿಸಿ ನಿಂತ. ಕೆಲವರು ಇದೂ ಸಿನಿಮಾದ ಇನ್ನೊಂದು ಸೀನು ಅಂದುಕೊಂಡು ನಗುತ್ತಿದ್ದರು. ಸಾಬರು ಮಾತ್ರ ನಗಲಿಲ್ಲ. ಮೆಲ್ಲಗೆ, ಕೊಟ್ಬುಡಿ ಯಜಮಾನ್ರೆ ಅಂದರು.

ಅಪ್ಪ ಎದ್ದು ನಿಂತು, ಅಂಗಿ ಎತ್ತಿ, ಅಷ್ಟು ಜನರ ಎದುರು ಉಡಿದಾರದ ಗಂಟು ಬಿಚ್ಚಿದ. ಗಂಟು ಬಹಳ ವರ್ಷದ್ದು, ಬೇಗ ಬಿಚ್ಚಲಿಲ್ಲ. ಬೀಗದ ಕೈಯನ್ನು ನನ್ನ ಅಂಗೈಗೆ ಹಾಕಿದ. ಮೇಜಿನ ಮೇಲೆ ಚೆಲ್ಲಿದ್ದ ಟೀಯನ್ನು ಟವೆಲಿನಿಂದ ಒರೆಸಿ, ಫಾರಂ ಇಟ್ಟು ಸಹಿ ಹಾಕಿದ. ಅಂಗಡಿಯೆಲ್ಲ ಚಪ್ಪಾಳೆ. ಅವನಿಗೆ. ಸಿನಿಮಾದಲ್ಲಿ ಹೇಳಿದ್ದನ್ನು ಮನೆಯಲ್ಲೂ ಮಾಡಿ ತೋರಿಸಿದರು ಅಂತ ಮಂಡಿಯವರು ಅವನ ಬೆನ್ನು ತಟ್ಟಿದರು. ಸಂಜೆಯೊಳಗೆ ಆ ವಿಡಿಯೋ ಎಲ್ಲರ ಫೋನಿಗೂ ಬಂದಿತ್ತು, ಆದರ್ಶ ತಂದೆ ಅಂತ ಮೇಲೆ ಬರೆದು, ಹಿನ್ನೆಲೆಗೆ ವೀಣೆ ಹಾಕಿ. ನಾನು ಮಾತಾಡಿದ್ದನ್ನೆಲ್ಲ ಕತ್ತರಿಸಿದ್ದರು. ಬೀಗದ ಕೈ ಕೊಡುವಲ್ಲಿ, ಪರದೆಯ ಅಂಚಿನಲ್ಲಿ ಫೈಲು ಹಿಡಿದ ನನ್ನ ಮೊಣಕೈ ಕಾಣುತ್ತದೆ.

ಮೈಸೂರಿಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದೆವು. ನಾನು ಕಿಟಕಿ ಪಕ್ಕ ಕೂತೆ. ಅಡ್ಮಿಷನ್ ಆಗಿ, ಹಾಸ್ಟೆಲ್ಲಿನ ಗೇಟಿನ ಹತ್ತಿರ ಬಂದಾಗ ವಾರ್ಡನ್ನು ಅಪ್ಪನ ಮುಖವನ್ನೇ ನೋಡಿ, ನೀವು ಆ ಸಿನಿಮಾದವರಲ್ವಾ ಅಂದರು. ಅಲ್ಲಿದ್ದ ಹುಡುಗಿಯರು, ಅವರ ಅಪ್ಪ ಅಮ್ಮಂದಿರು, ಸುತ್ತ ಸೇರಿದರು. ಒಂದು ಸಲ ಹೇಳಿ ಅಂದರು.

ಅಪ್ಪ ಟವೆಲು ಸರಿ ಮಾಡಿಕೊಂಡ. ಕೆಮ್ಮಿದ. ಬಾಯಿ ತೆರೆದ. ಮಾತು ಬರಲಿಲ್ಲ. ಇನ್ನೊಮ್ಮೆ ಕೆಮ್ಮಿದ. ಜನ ಕಾಯುತ್ತಿದ್ದರು. ಆಗ ಅವನು ಆ ಭಾನುವಾರದ ಹಾಗೆಯೇ ಗದ್ದ ಮೇಲೆತ್ತಿ ನನ್ನ ಮುಖ ನೋಡಿದ. ಅವನಿಗೆ ಬೇಕಿದ್ದದ್ದು ಮೊದಲ ಪದ ಒಂದೇ. ಅದು ನನ್ನ ನಾಲಿಗೆಯ ತುದಿಯಲ್ಲೇ ಇತ್ತು.

ನಾನು ಹೇಳಿಕೊಡಲಿಲ್ಲ. ಬ್ಯಾಗು ಎತ್ತಿಕೊಂಡು ಒಳಗೆ ಹೋದೆ.